ಟಿಸಿ ತಗೊಂಡು ಹೋದ ಹುಡುಗನ ಮೇಲೆ ಸಿಟ್ಟಾಗೋದು ಸರಿಯಾ?

ಅಮೆರಿಕದ ಕಾಲೇಜು ಆಟಗಾರರು ಈಗ ಪ್ರತಿ ವರ್ಷವೂ ಕಾಲೇಜು ಬದಲಿಸಬಹುದು. ಬಿಟ್ಟು ಹೋದವನನ್ನು ಅಭಿಮಾನಿಗಳು ಬಾಯಿಗೆ ಬಂದಂತೆ ಬೈಯುತ್ತಾರೆ. ಆ ಸಿಟ್ಟು ನ್ಯಾಯವೇ? ಜರ್ಸಿ ಸಿಟಿಯಲ್ಲಿರುವ ಭಾವ ಹೌದು ಅನ್ನುತ್ತಾರೆ. ಅಲಬಾಮಾದಲ್ಲಿ ಎಂಎಸ್ ಓದಿದ ಭಾಮೈದ ಒಪ್ಪುವುದಿಲ್ಲ.

ಪರ: ಸಿಟ್ಟು ಬರಲೇಬೇಕು

2022ರ ಮಾರ್ಚ್ 17, ಗುರುವಾರ ರಾತ್ರಿ. ಜರ್ಸಿ ಸಿಟಿಯ ನ್ಯೂಆರ್ಕ್ ಅವೆನ್ಯೂನಲ್ಲಿ, ನಮ್ಮವರೆಲ್ಲ ಇಂಡಿಯಾ ಸ್ಕ್ವೇರ್ ಅಂತ ಕರೆಯುವ ಕಡೆ, ಒಂದು ದೋಸೆ ಹೋಟೆಲಿನಲ್ಲಿ ಪಾರ್ಸಲ್‌ಗೆ ಕಾಯುತ್ತಿದ್ದೆ. ಅಲ್ಲಿನ ಟಿವಿಯಲ್ಲಿ ಯಾವಾಗಲೂ ಹಳೇ ಕ್ರಿಕೆಟ್ಟು, ಇಲ್ಲ ಹಿಂದಿ ಹಾಡು. ಅವತ್ತು ಪಾತ್ರೆ ತೊಳೆಯುವ ಹುಡುಗ ಒದ್ದೆ ಕೈಯಲ್ಲೇ ಹೊರಗೆ ಬಂದ, ಮಾಲೀಕರನ್ನು ಕೇಳದೆ ರಿಮೋಟ್ ತಗೊಂಡು ಚಾನೆಲ್ ಬದಲಿಸಿದ. ಕಾಲೇಜುಗಳ ರಾಷ್ಟ್ರೀಯ ಟೂರ್ನಿಯಲ್ಲಿ ಸೇಂಟ್ ಪೀಟರ್ಸ್ ಯೂನಿವರ್ಸಿಟಿ ಕೆಂಟಕಿಯ ಎದುರು ಬ್ಯಾಸ್ಕೆಟ್‌ಬಾಲ್ ಆಡುತ್ತಿತ್ತು. ಆ ಯೂನಿವರ್ಸಿಟಿ ಇರುವುದು ಕೆನಡಿ ಬುಲೆವಾರ್ಡ್‌ನಲ್ಲಿ, ನಾವು ಕೊತ್ತಂಬರಿ ಸೊಪ್ಪು ತರುವ ಅಂಗಡಿಯಿಂದ ಅದೇ ರಸ್ತೆ ಹಿಡಿದು ದಕ್ಷಿಣಕ್ಕೆ ಸ್ವಲ್ಪ ದೂರ ಹೋದರೆ ಸಿಗುತ್ತದೆ. ಅಲ್ಲಿವರೆಗೆ ನಾನು ಅದರ ಮುಂದೆ ನೂರು ಸಲ ಓಡಾಡಿದ್ದೆ, ಒಳಗೆ ತಂಡ ಇದೆ ಅಂತಲೂ ಗೊತ್ತಿರಲಿಲ್ಲ.

ಕೆಂಟಕಿ ಅಂದರೆ ಈ ಆಟದ ಜಮೀನ್ದಾರರು. ಸೇಂಟ್ ಪೀಟರ್ಸ್ 15ನೇ ಶ್ರೇಯಾಂಕದ, ಯಾರೂ ಲೆಕ್ಕಕ್ಕೆ ತಗೊಳ್ಳದ ಸಣ್ಣ ಕಾಲೇಜು. ಹೆಚ್ಚುವರಿ ಸಮಯದಲ್ಲಿ 85-79ರಿಂದ ಗೆದ್ದುಬಿಟ್ಟರು! ಮೀಸೆ ಬಿಟ್ಟುಕೊಂಡು ಆಡಿದ ಡಗ್ ಎಡರ್ಟ್ ಒಂದೇ ರಾತ್ರಿಯಲ್ಲಿ ದೇಶಕ್ಕೆಲ್ಲ ಪರಿಚಯವಾದ. ನನ್ನ ಪಾರ್ಸಲ್ ತಣ್ಣಗಾಯಿತು, ಮನೆಯಲ್ಲಿ ಬೈಸಿಕೊಂಡೆ, ಅದು ಬೇರೆ ಮಾತು. ಎರಡು ದಿನ ಬಿಟ್ಟು ಮರ್ರೆ ಸ್ಟೇಟ್, ಆಮೇಲೆ ಪರ್ಡ್ಯೂ, ಇಬ್ಬರನ್ನೂ ಸೋಲಿಸಿದರು. 15ನೇ ಶ್ರೇಯಾಂಕದ ತಂಡವೊಂದು ಕೊನೆಯ ಎಂಟಕ್ಕೆ ಬಂದದ್ದು ಅದೇ ಮೊದಲು. ಅಲ್ಲಿ ನಾರ್ತ್ ಕೆರೊಲಿನಾ ಎದುರು ಸೋತರು. ಅಷ್ಟರಲ್ಲಿ ಊರಲ್ಲಿ ನವಿಲು ಬಣ್ಣದ ಟೀ ಶರ್ಟ್ ಹಾಕದವರೇ ಇರಲಿಲ್ಲ. ತಂಡದ ಹೆಸರು ಪೀಕಾಕ್ಸ್.

ಸೋತ ಆ ವಾರವೇ ಕೋಚ್ ಶಾಹೀನ್ ಹಾಲೊವೇ ತಾವು ಓದಿದ ಸೀಟನ್ ಹಾಲ್‌ಗೆ ಹೊರಟರು. ಅವರ ಹಿಂದೆ ಹುಡುಗರೂ ಗಂಟುಮೂಟೆ ಕಟ್ಟಿದರು. ಎಡರ್ಟ್ ಬ್ರಯಾಂಟ್‌ಗೆ, ಡ್ಯಾರಿಲ್ ಬ್ಯಾಂಕ್ಸ್ ಸೇಂಟ್ ಬೊನಾವೆಂಚರ್‌ಗೆ, ಡ್ರಾಮೆ ಅವಳಿ ಅಣ್ಣತಮ್ಮಂದಿರು ಲಾ ಸಾಲ್‌ಗೆ, ಕೆ.ಸಿ. ಎನ್‌ಡೆಫೊ ಕೋಚ್ ಜೊತೆಗೇ ಸೀಟನ್ ಹಾಲ್‌ಗೆ. ಮದುವೆ ಮನೆಯಲ್ಲಿ ಊಟ ಮುಗಿದ ತಕ್ಷಣ ಶಾಮಿಯಾನ ಬಿಚ್ಚುತ್ತಾರಲ್ಲ, ಹಾಗೆ.

ಇದಕ್ಕೆ ಸಿಟ್ಟು ಬರಬಾರದು ಅಂದರೆ ನನಗೆ ಅರ್ಥವಾಗುವುದಿಲ್ಲ. ಐಪಿಎಲ್‌ನಲ್ಲಿ ಆಟಗಾರ ತಂಡ ಬದಲಿಸಿದರೆ ನಾನು ತಲೆ ಕೆಡಿಸಿಕೊಳ್ಳಲ್ಲ. ಅಲ್ಲಿ ಹರಾಜು ಎಲ್ಲರೆದುರಿಗೇ ನಡೆಯುತ್ತದೆ, ಅದು ವ್ಯಾಪಾರ ಅಂತ ಟಿಕೆಟ್ ತಗೊಳ್ಳುವಾಗಲೇ ಗೊತ್ತು. ಕಾಲೇಜು ಆಟವನ್ನು ಮಾರಿದ್ದೇ ಬೇರೆ ಮಾತು ಹೇಳಿ: ಇವನು ನಿಮ್ಮವನು, ನಿಮ್ಮ ಹಾಸ್ಟೆಲಿನಲ್ಲೇ ಮಲಗುತ್ತಾನೆ, ನಿಮ್ಮ ಕ್ಲಾಸಿನಲ್ಲೇ ಕೊನೇ ಬೆಂಚಲ್ಲಿ ತೂಕಡಿಸುತ್ತಾನೆ. ಆ ಮಾತು ನಂಬಿಯೇ ಜನ ನಲವತ್ತು ವರ್ಷ ಒಂದೇ ಸೀಟಿನಲ್ಲಿ ಕೂತು ಗಂಟಲು ಹರಿದುಕೊಳ್ಳುವುದು.

ದುಡ್ಡು ಬೇಡ ಅಂತ ನಾನು ಹೇಳುತ್ತಿಲ್ಲ. 2021ರ ಜುಲೈಯಿಂದ ಹುಡುಗರು ತಮ್ಮ ಹೆಸರು, ಮುಖ ತೋರಿಸಿ ಜಾಹೀರಾತಿನಲ್ಲಿ ಸಂಪಾದಿಸಬಹುದು, ಸಂತೋಷ. ಆದರೆ ಆ ದುಡ್ಡು ಎಲ್ಲಿಂದ ಬರುತ್ತಿದೆ? ಟೆನ್ನೆಸಿ ಯೂನಿವರ್ಸಿಟಿ 2024ರಲ್ಲಿ ಮುಂದಿನ ವರ್ಷದ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಆಟ) ಟಿಕೆಟ್ ಮೇಲೆ ಶೇ. 10ರಷ್ಟು 'ಟ್ಯಾಲೆಂಟ್ ಫೀ' ಹಾಕಿತು. ಲಕ್ಷ ಜನ ಕೂರುವ ನೇಲ್ಯಾಂಡ್ ಸ್ಟೇಡಿಯಂ ಅದು. ಆಟಗಾರರನ್ನು ಉಳಿಸಿಕೊಳ್ಳಬೇಕು, ಸ್ವಲ್ಪ ಜಾಸ್ತಿ ಕೊಡಿ ಅಂದರು. ಜನ ಗೊಣಗಿದರು, ಕೊಟ್ಟರು. 2025ರ ಏಪ್ರಿಲ್‌ನಲ್ಲಿ ಏನಾಯಿತು? ಕ್ವಾರ್ಟರ್‌ಬ್ಯಾಕ್ ನಿಕೊ ಇಯಾಮಲೆಯಾವಾ, ಅಂದರೆ ಇಡೀ ತಂಡವನ್ನೇ ನಡೆಸಬೇಕಾದ ಹುಡುಗ, ದುಡ್ಡಿನ ಮಾತುಕತೆ ನಡೆದಿರುವಾಗಲೇ ಶುಕ್ರವಾರದ ಅಭ್ಯಾಸಕ್ಕೆ ಬರಲಿಲ್ಲ. ಮಾರನೇ ದಿನ ವಸಂತಕಾಲದ ಪ್ರದರ್ಶನ ಪಂದ್ಯ. ಅವತ್ತೇ ಕೋಚ್ ಅವನಿಗೂ ನಮಗೂ ಮುಗಿಯಿತು ಅಂದರು. ಅವನು ಯುಸಿಎಲ್‌ಎ ಸೇರಿದ. ಹೋಗಲಿ ಬಿಡಿ, ಆದರೆ ಜೊತೆಗಾರರು ಬೂಟು ಕಟ್ಟಿಕೊಂಡು ಮೈದಾನದಲ್ಲಿ ಕಾಯುತ್ತಿರುವಾಗ ಹೋಗುವ ರೀತಿಯಾ ಇದು? ಮನೆ ಖಾಲಿ ಮಾಡುವ ಬಾಡಿಗೆಯವರೂ ಒಂದು ತಿಂಗಳು ಮೊದಲು ಹೇಳುತ್ತಾರೆ.

ಇನ್ನೊಂದು ವಿಷಯ. ಸಣ್ಣ ಕಾಲೇಜು ಈಗ ಸಸಿಮಡಿ ಆಗಿಬಿಟ್ಟಿದೆ. ಬೀಜ ಹಾಕುವುದು, ನೀರು ಬಿಡುವುದು, ಹಕ್ಕಿ ಓಡಿಸುವುದು ಇವರು. ಕಿತ್ತು ನಾಟಿ ಮಾಡುವುದು ದೊಡ್ಡವರ ಗದ್ದೆಯಲ್ಲಿ. ಆಮೇಲೆ ಎನ್‌ಬಿಎ ತಾರೆಯಾದ ಸ್ಟೆಫ್ ಕರಿ 2008ರಲ್ಲಿ ಡೇವಿಡ್ಸನ್ ಅನ್ನುವ ಪುಟ್ಟ ಕಾಲೇಜನ್ನು ಕೊನೆಯ ಎಂಟಕ್ಕೆ ತಂದಾಗ, ಆ ಕಾಲೇಜಿನ ಟ್ರಸ್ಟಿಗಳು ವಿದ್ಯಾರ್ಥಿಗಳಿಗೆ ಡೆಟ್ರಾಯ್ಟ್‌ಗೆ ಹೋಗಲು ಬಸ್ಸು, ಟಿಕೆಟ್ಟು, ಉಳಿಯುವ ಜಾಗ ಎಲ್ಲದರ ಖರ್ಚು ಕೊಟ್ಟರು. ಮುಂದಿನ ವರ್ಷವೂ ಅವನು ಅಲ್ಲೇ ಆಡಿದ. ಇವತ್ತಾಗಿದ್ದರೆ ಆ ಬಸ್ಸು ವಾಪಸ್ ಬರುವಷ್ಟರಲ್ಲಿ ಅವನ ಫೋನಿಗೆ ಮೂವತ್ತು ಕರೆ ಬಂದಿರುತ್ತಿತ್ತು.

ಆ ಹೋಟೆಲಿನ ಹುಡುಗನನ್ನು ಮುಂದಿನ ಚಳಿಗಾಲದಲ್ಲಿ ಮತ್ತೆ ನೋಡಿದೆ. ಪೀಕಾಕ್ಸ್ ಹೇಗೆ ಆಡ್ತಿದಾರೆ ಅಂತ ಕೇಳಿದೆ. ಈಗಿನವರ ಹೆಸರು ಗೊತ್ತಿಲ್ಲ ಅಂದ. ಟಿವಿಯಲ್ಲಿ ಹಿಂದಿ ಹಾಡು ಬರುತ್ತಿತ್ತು.

ವಿರೋಧ: ಬೈಯೋಕೆ ಆ ಹುಡುಗನೇ ಸಿಕ್ಕಿದ್ನಾ?

ಭಾವ ಚೆನ್ನಾಗಿ ಬರೆದಿದ್ದಾರೆ. ದೋಸೆ ತಣ್ಣಗಾದ ಕಥೆ ಅಕ್ಕನ ಬಾಯಲ್ಲಿ ಕೇಳಿದರೆ ಇನ್ನೂ ಚೆನ್ನಾಗಿರುತ್ತದೆ. ಆದರೆ ಅವರು ಒಂದು ಕಡೆ ಸದ್ದಿಲ್ಲದೆ ಜಾರಿಕೊಂಡಿದ್ದಾರೆ, ನೋಡಿದಿರಾ? 'ಕೋಚ್ ತಾವು ಓದಿದ ಸೀಟನ್ ಹಾಲ್‌ಗೆ ಹೊರಟರು' ಅಂತ ಒಂದೇ ವಾಕ್ಯ. ತವರಿಗೆ ಹೋದ ಹಾಗೆ. ಹುಡುಗರು ಹೊರಟರೆ ಮಾತ್ರ ಶಾಮಿಯಾನ ಬಿಚ್ಚಿದ ಹಾಗೆ. ಮೊದಲ ಗೂಟ ಕಿತ್ತವರು ಯಾರು ಭಾವ?

ಇಪ್ಪತ್ತು ವರ್ಷದ ಹುಡುಗನೊಬ್ಬ ಒಂದು ಕಾಲೇಜು ಆರಿಸಿಕೊಳ್ಳುವುದು ಅಲ್ಲಿನ ಕಟ್ಟಡ ನೋಡಿ ಅಲ್ಲ. ಕೋಚ್ ಅವನ ಮನೆಗೆ ಬಂದು, ಸೋಫಾದ ಮೇಲೆ ಕೂತು, ಅವರಮ್ಮನಿಗೆ ನಿಮ್ಮ ಮಗನನ್ನು ನನ್ನ ಮಗನ ಥರ ನೋಡಿಕೊಳ್ಳುತ್ತೇನೆ ಅಂತ ಹೇಳಿರುತ್ತಾರೆ. ಆಮೇಲೆ ಅವರೇ ಹೊರಟುಬಿಡುತ್ತಾರೆ. 2021ರ ನವೆಂಬರ್‌ನಲ್ಲಿ ಒಕ್ಲಹೋಮದ ಫುಟ್‌ಬಾಲ್ ಕೋಚ್ ಲಿಂಕನ್ ರೈಲಿ ಪಂದ್ಯ ಸೋತ ಮಾರನೇ ದಿನವೇ ಯುಎಸ್‌ಸಿಗೆ ಹೋದರು. 2025ರ ನವೆಂಬರ್ ಕೊನೆಯಲ್ಲಿ ಲೇನ್ ಕಿಫಿನ್ 11 ಗೆದ್ದು ಒಂದೇ ಸೋತಿದ್ದ ಓಲ್ ಮಿಸ್ ತಂಡವನ್ನು, ಪ್ಲೇಆಫ್ ಬಾಗಿಲಲ್ಲಿ ನಿಂತಿರುವಾಗ, ಬಿಟ್ಟು ಎಲ್‌ಎಸ್‌ಯು ಸೇರಿದರು. ಜನ ವಿಮಾನ ನಿಲ್ದಾಣಕ್ಕೇ ಹೋಗಿ ಬೈದರು, ಅದು ನಿಜ. ಕೋಚ್‌ಗಳಿಗೆ ಬೈಗುಳವೇ ಇಲ್ಲ ಅಂತ ನಾನು ಹೇಳಲ್ಲ. ಇದೇ ಕಿಫಿನ್ 2010ರಲ್ಲಿ ಟೆನ್ನೆಸಿ ಬಿಟ್ಟಿದ್ದಕ್ಕೆ 2021ರಲ್ಲೂ ಅಲ್ಲಿನ ಜನ ಮೈದಾನಕ್ಕೆ ಗಾಲ್ಫ್ ಚೆಂಡು, ಸಾಸಿವೆ ಸಾಸ್ ಬಾಟಲಿ ಎಸೆದರು. (ಸಾಸಿವೆ ಬಾಟಲಿ ಮನೆಯಿಂದಲೇ ತಂದಿದ್ದರಾ, ಇನ್ನೂ ನನಗೆ ಕುತೂಹಲ.) ಆದರೆ ಬೈಗುಳ ತಿಂದ ಕೋಚ್ ಮಾರನೇ ದಿನವೇ ಹೊಸ ಕೆಲಸ ಶುರು ಮಾಡಬಹುದಿತ್ತು. ಹುಡುಗನಿಗೆ ಹಾಗಿರಲಿಲ್ಲ. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ನಲ್ಲಿ ಡಿಗ್ರಿ ಮುಗಿಯುವ ಮೊದಲೇ ಕಾಲೇಜು ಬದಲಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಸುಮ್ಮನೆ ಕೂರಬೇಕಿತ್ತು. ಒಂದು ಸಲದ ಮಟ್ಟಿಗೆ ಅದು ತಪ್ಪಿದ್ದು 2021ರಲ್ಲಿ. ಕೋರ್ಟಿನ ತಡೆಯಾಜ್ಞೆ ಬಂದ ಮೇಲೆ, 2024ರಲ್ಲಿ, ಓದು ಸರಿಯಾಗಿದ್ದರೆ ಎಷ್ಟು ಸಲ ಬೇಕಾದರೂ ಬದಲಿಸಬಹುದು ಅಂತ ಆಯಿತು. 2018ಕ್ಕೆ ಮುಂಚೆ ಇನ್ನೂ ಚೆಂದ ಇತ್ತು. ಬೇರೆ ಕಾಲೇಜಿನವರ ಜೊತೆ ಮಾತಾಡಲಿಕ್ಕೇ ಇರುವ ಕಾಲೇಜಿನ ಅಪ್ಪಣೆ ಬೇಕು, ಇಂಥಿಂಥ ಕಡೆ ಹೋಗಕೂಡದು ಅಂತ ಕೋಚ್ ತಡೆಯಬಹುದು. ಜೀತ ಅಂದರೆ ಜಾಸ್ತಿಯಾಯಿತು. ಆದರೆ ಅದರ ದೂರದ ನೆಂಟ.

ನಿಷ್ಠೆ ಅಂತೀರಲ್ಲ, ನನ್ನ ಕಾಲೇಜಿನದೇ ಒಂದು ಕಥೆ ಹೇಳುತ್ತೇನೆ. 2018ರ ಜನವರಿ 8, ಅಟ್ಲಾಂಟಾ, ಫುಟ್‌ಬಾಲ್ ರಾಷ್ಟ್ರೀಯ ಫೈನಲ್, ಎದುರಾಳಿ ಜಾರ್ಜಿಯಾ. ಅಲಬಾಮಾ ಅರ್ಧ ಆಟಕ್ಕೆ 0-13 ಹಿಂದೆ. ಎರಡು ವರ್ಷದಿಂದ ತಂಡ ನಡೆಸಿದ್ದ ಜೇಲನ್ ಹರ್ಟ್ಸ್‌ನನ್ನು ಕೋಚ್ ನಿಕ್ ಸೇಬನ್ ದೇಶವೆಲ್ಲ ನೋಡುತ್ತಿರುವಾಗ ಕೂರಿಸಿ, ಮೊದಲ ವರ್ಷದ ಟುವಾನನ್ನು ಇಳಿಸಿದರು. ಟುವಾ ಗೆಲ್ಲಿಸಿದ. ಹರ್ಟ್ಸ್ ಟವೆಲ್ ಹೆಗಲಿಗೆ ಹಾಕಿಕೊಂಡು ಚಪ್ಪಾಳೆ ತಟ್ಟಿದ. ಅವನು ಆಗಲೇ ಹೊರಡುತ್ತಾನೆ ಅಂತ ಎಲ್ಲರೂ ಅಂದುಕೊಂಡಿದ್ದರು. ಹೊರಡಲಿಲ್ಲ. ಇನ್ನೊಂದು ಸೀಸನ್ ಬೆಂಚಿನ ಮೇಲೆ ಕೂತ. ಡಿಸೆಂಬರ್ 1ಕ್ಕೆ, ಅದೇ ಸ್ಟೇಡಿಯಂ, ಅದೇ ಜಾರ್ಜಿಯಾ ಎದುರಾಳಿ, ಈ ಸಲ ಟುವಾಗೆ ಗಾಯ. ಹರ್ಟ್ಸ್ ಇಳಿದು ಸೋಲುತ್ತಿದ್ದ ಪಂದ್ಯವನ್ನು 35-28ಕ್ಕೆ ತಿರುಗಿಸಿದ. ಆಮೇಲೆ ಡಿಗ್ರಿ ತಗೊಂಡ, ಒಕ್ಲಹೋಮಕ್ಕೆ ಹೋದ, ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿಯಲ್ಲಿ ಎರಡನೆಯವನಾದ. ಮೊದಲನೆಯವನು ಜೋ ಬರೋ, ಅವನೂ ಒಹಾಯೊ ಸ್ಟೇಟ್ ಬಿಟ್ಟು ಎಲ್‌ಎಸ್‌ಯು ಸೇರಿದವನೇ! 2025ರ ಫೆಬ್ರವರಿಯಲ್ಲಿ ಹರ್ಟ್ಸ್ ಫಿಲಡೆಲ್ಫಿಯಾಗೆ ವೃತ್ತಿಪರ ಫುಟ್‌ಬಾಲಿನ ಫೈನಲ್ ಆದ ಸೂಪರ್ ಬೌಲ್ ಗೆದ್ದುಕೊಟ್ಟಾಗ ನನ್ನ ಅಲಬಾಮಾ ಗೆಳೆಯರೆಲ್ಲ 'ನಮ್ಮ ಹುಡುಗ' ಅಂತ ಫೋಟೊ ಹಾಕಿದರು.

ಹೌದಲ್ವಾ, ಹೀಗೆ ಹೋದರೆ ಯಾರೂ ಬೈಯಲ್ಲ ಅಂತ ಭಾವ ಕೇಳುತ್ತಾರೆ, ನನಗೆ ಗೊತ್ತು. ನನ್ನ ಪ್ರಶ್ನೆ ಅದಲ್ಲ. ಆ ಒಂದು ವರ್ಷ ಅವನ ಕಾಲು ಮುರಿದಿದ್ದರೆ? ಈ ಆಟದಲ್ಲಿ ಅದೇನು ಅಪರೂಪ ಅಲ್ಲ. ಆಗ ಅವನ ನಿಷ್ಠೆಗೆ ನಾವು ಅಭಿಮಾನಿಗಳು ಏನು ಕೊಡುತ್ತಿದ್ದೆವು, ಒಂದು ಚಪ್ಪಾಳೆ? 1973ರಿಂದ 2012ರವರೆಗೆ ಆಟಗಾರರ ವಿದ್ಯಾರ್ಥಿವೇತನ ಕೊಡುತ್ತಿದ್ದದ್ದೇ ಒಂದೊಂದು ವರ್ಷಕ್ಕೆ. ಆಟ ಕುಂದಿದರೆ ಮುಂದಿನ ವರ್ಷ ನವೀಕರಿಸದೆ ಇರಬಹುದಿತ್ತು. ಆಗ ಯಾವ ಅಭಿಮಾನಿ ಬೀದಿಗೆ ಬಂದ? ಈಗಲೂ ಕೋಚ್‌ಗಳು ಕೊಠಡಿಗೆ ಕರೆದು, ನಿನಗೆ ಇಲ್ಲಿ ಜಾಗ ಸಿಗುವುದು ಕಷ್ಟ, ಕಾಲೇಜು ಬದಲಿಸುವವರ ಪಟ್ಟಿ ಇರುವ ಪೋರ್ಟಲ್‌ನಲ್ಲಿ ಹೆಸರು ಹಾಕು ಅಂತ ಮೆತ್ತಗೆ ಹೇಳುತ್ತಾರೆ. ಟಿಸಿ ಕೇಳಿದವರನ್ನು ಮಾತ್ರ ನಾವು ಎಣಿಸುತ್ತೇವೆ. ಟಿಸಿ ಕೈಗೆ ಕೊಟ್ಟು ಕಳಿಸಿದವರ ಹೆಸರೇ ನಮಗೆ ಗೊತ್ತಿರಲ್ಲ. ಎಷ್ಟೋ ಹುಡುಗರಿಗೆ ಹೊಸ ಕಾಲೇಜೂ ಸಿಗಲ್ಲ, ಹಳೇದೂ ಇಲ್ಲ, ಪಾಸಾದ ಅರ್ಧ ವಿಷಯ ಹೊಸ ಕಡೆ ಲೆಕ್ಕಕ್ಕೆ ಬರಲ್ಲ. ಬೇಜಾರು ಮಾಡಿಕೊಳ್ಳೋಕೆ ಅದೂ ಒಂದು ಕಾರಣ, ಆದರೆ ಅದು ಅವರ ಪರವಾಗಿ.

ನಿಕೊ ವಿಷಯಕ್ಕೆ ಬರೋಣ. ಅಭ್ಯಾಸ ತಪ್ಪಿಸಿದ್ದು ಸರಿಯಲ್ಲ, ಒಪ್ಪುತ್ತೇನೆ. ಯುಸಿಎಲ್‌ಎಯಲ್ಲಿ ಮೊದಲ ನಾಲ್ಕೂ ಪಂದ್ಯ ಸೋತಾಗ ಟೆನ್ನೆಸಿಯವರು ಹಬ್ಬ ಮಾಡಿದ್ದೂ ಅರ್ಥವಾಗುತ್ತದೆ. ಆದರೆ ಅವನ ಜಾಗಕ್ಕೆ ಟೆನ್ನೆಸಿ ತಂದದ್ದು ಯಾರನ್ನು? ಜೋಯಿ ಅಗಿಲಾರ್. ಅವನು ಅಪಲಾಚಿಯನ್ ಸ್ಟೇಟ್ ಬಿಟ್ಟು ಯುಸಿಎಲ್‌ಎಗೆ ಬಂದು ಕೆಲವೇ ತಿಂಗಳಾಗಿತ್ತು. ನಿಕೊ ಬರುತ್ತಾನೆ ಅಂತ ಗೊತ್ತಾದ ಮೇಲೆ ಒಂದು ಪಂದ್ಯವೂ ಆಡದೆ ಅಲ್ಲಿಂದ ಹೊರಟ. ಅಂದರೆ ಎರಡು ಕಾಲೇಜು ಕ್ವಾರ್ಟರ್‌ಬ್ಯಾಕ್‌ಗಳನ್ನು ಹೆಚ್ಚುಕಡಿಮೆ ಅದಲುಬದಲು ಮಾಡಿಕೊಂಡವು. ಒಬ್ಬನಿಗೆ ದ್ರೋಹಿ ಅಂದ ಆ ಲಕ್ಷ ಜನರ ಸ್ಟೇಡಿಯಂ ಇನ್ನೊಬ್ಬನಿಗೆ ಎದ್ದು ನಿಂತು ಕೂಗಿತು. ಬಂದರೆ ಅದೃಷ್ಟ, ಹೋದರೆ ಮೋಸ. ಇಂಡಿಯಾನಾ ಕಥೆಯೂ ಅಷ್ಟೇ. ದಶಕಗಳಿಂದ ಸೋಲುವುದೇ ಅಭ್ಯಾಸವಾಗಿದ್ದ ಫುಟ್‌ಬಾಲ್ ತಂಡ ಅದು. ಹೊಸ ಕೋಚ್ ಕರ್ಟ್ ಸಿಗ್ನೆಟಿ ತಮ್ಮ ಹಳೇ ಜೇಮ್ಸ್ ಮ್ಯಾಡಿಸನ್ ಕಾಲೇಜಿನ ಹುಡುಗರನ್ನು ಒಂದು ಹಿಂಡೇ ಕರೆತಂದರು. ಆಮೇಲೆ ಕ್ಯಾಲಿಫೋರ್ನಿಯಾದಿಂದ ಬಂದ ಫರ್ನಾಂಡೊ ಮೆಂಡೋಜಾ 2025ರ ಹೈಸ್ಮನ್ ಗೆದ್ದ. ಭಾವನ ಲೆಕ್ಕದಲ್ಲಿ ಇದೂ ಕಿತ್ತು ತಂದ ಸಸಿಯೇ. ಆದರೆ ಹುಟ್ಟಿದಾಗಿನಿಂದ ಸೋಲೇ ನೋಡಿದ್ದ ಆ ಊರಿನ ಮುದುಕರಿಗೆ ಹೋಗಿ ಇದು ತಪ್ಪು ಅಂತ ಹೇಳಿ ನೋಡೋಣ.

ಮನೆ ಮಾತು ಇಲ್ಲಿ ತರಬಾರದು, ಆದರೂ ತರುತ್ತೇನೆ. ಕರುಣ್ ನಾಯರ್ ಕರ್ನಾಟಕ ತಂಡದಲ್ಲಿ ಜಾಗ ಕಳಕೊಂಡು 2023ರಲ್ಲಿ ವಿದರ್ಭಕ್ಕೆ ಹೋದರಲ್ಲ, ಅಲ್ಲಿ 2024-25ರ ರಣಜಿ ಫೈನಲ್‌ನಲ್ಲಿ ಶತಕ ಹೊಡೆದು ಕಪ್ ಎತ್ತಿದಾಗ ನಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಮೊದಲು ಚಪ್ಪಾಳೆ ಹಾಕಿದ್ದು ಇದೇ ಭಾವ. 'ಕರ್ನಾಟಕದವರಿಗೆ ಬುದ್ಧಿ ಬರಲಿ' ಅಂತ ಕೆಳಗೆ ಬರೆದಿದ್ದರು. ಸ್ಕ್ರೀನ್‌ಶಾಟ್ ಇಟ್ಟಿದ್ದೇನೆ.

ಇನ್ನು ಬಾಡಿಗೆಯವರು ಒಂದು ತಿಂಗಳು ಮೊದಲು ಹೇಳುತ್ತಾರೆ ಅನ್ನೋದು. ಭಾವ ಅಮೆರಿಕಕ್ಕೆ ಬಂದ ಮೇಲೆ ನಾಲ್ಕು ಕಂಪನಿ ಬದಲಿಸಿದ್ದಾರೆ. ಎರಡನೇ ಸಲ ಪ್ರಾಜೆಕ್ಟ್ ಲೈವ್ ಹೋಗೋಕೆ ಎರಡು ವಾರ ಇತ್ತು, ಸಂಬಳ ಜಾಸ್ತಿ ಸಿಕ್ಕಿತು, ಹೊರಟರು. ಸರಿಯಾಗೇ ಮಾಡಿದರು, ಆಗ ಅಕ್ಕನಿಗೆ ಏಳು ತಿಂಗಳು. ಆ ಹಳೇ ಮ್ಯಾನೇಜರ್ ಈಗಲೂ ಪ್ರತಿ ದೀಪಾವಳಿಗೆ ಅವರಿಗೆ ಮೆಸೇಜ್ ಕಳಿಸುತ್ತಾರೆ.