ಬೋರೆಯ ಮೇಲಿನ ಶಲ್ಕ ಕೀಟಗಳೆಲ್ಲ ಒಂದೇ ಅಲ್ಲ

ಬೋರೆ ಗಿಡದ ಕೊಂಬೆಗೆ ಅಂಟಿದ ಶಲ್ಕ ಕೀಟ (ಮೈಮೇಲೆ ಚಿಪ್ಪಿನಂಥ ಹೊದಿಕೆ ಹೊತ್ತು, ಗಿಡದ ರಸ ಹೀರುವ ಪುಟ್ಟ ಹುಳು) ಯಾವುದೇ ಇರಲಿ, ಕಂಡ ಕೂಡಲೇ ಕೀಟನಾಶಕ ಸಿಂಪಡಿಸಬೇಕೆಂದು ಲೇಖನವೊಂದರಲ್ಲಿ ಕೊಟ್ಟಿರುವ ಸಲಹೆಯನ್ನು ನಾನು ಒಪ್ಪಲಾರೆ. ಅರಗು ಕೊಡುವ ಹುಳುವೂ ಇದೇ ಗುಂಪಿನದು. ಜಾರ್ಖಂಡ್, ಛತ್ತೀಸಗಢಗಳ ಒಣ ಕಾಡುಬಯಲಿನಲ್ಲಿ ಮುತ್ತುಗ ಮತ್ತು ಬೋರೆ ಮರಗಳಿಗೆ ಅದನ್ನು ಬೇಕೆಂದೇ ಹತ್ತಿಸಿ ಸಾಕುತ್ತಾರೆ, ರಾಂಚಿಯ ಬಳಿಯ ನಾಮಕುಮ್‌ನಲ್ಲಿ ಅದಕ್ಕಾಗಿಯೇ 1924ರಲ್ಲಿ ಸಂಶೋಧನಾ ಸಂಸ್ಥೆಯೊಂದು ಆರಂಭವಾಯಿತು. ಕಡ್ಡಿಯನ್ನು ಸುತ್ತಿಕೊಂಡ ಕೆಂಗಂದು ಅಂಟಿನ ಪದರ, ಅದರಿಂದ ಹೊರಚಾಚಿದ ಬಿಳಿ ಮೇಣದ ಎಳೆಗಳು ಕಂಡರೆ ಕೈಯಲ್ಲಿರುವ ಸಿಂಪಡಣೆಯ ಪಂಪನ್ನು ಕೆಳಗಿಡುವುದು ಒಳ್ಳೆಯದು. ಹಾಗೆಂದು ಅದು ಗಿಡಕ್ಕೆ ನಿರುಪದ್ರವಿ ಎಂದೇನಲ್ಲ: ಎಳೆ ರೆಂಬೆಯ ರಸ ಹೀರಿಯೇ ಬದುಕುವ ಹುಳುವದು, ಬೋರೆ ಕಾಯಿ ಬಿಡುವುದೂ ಹೊಸ ಚಿಗುರಿನಲ್ಲೇ, ಹೀಗಾಗಿ ಒಂದೇ ಮರದಿಂದ ಅರಗನ್ನೂ ಹಣ್ಣನ್ನೂ ಭರ್ತಿಯಾಗಿ ನಿರೀಕ್ಷಿಸುವಂತಿಲ್ಲ.

ಹಣ್ಣಿಗೆಂದೇ ಬೆಳೆಸಿದ ತೋಟದಲ್ಲಿ ಬೇರೆ ಜಾತಿಯ ಶಲ್ಕ ಕೀಟಗಳು ಹೆಚ್ಚಿದಾಗಲೂ 'ಕಂಡ ಕೂಡಲೇ' ಎಂಬುದು ಸರಿಯಾದ ಹೊತ್ತಲ್ಲ. ಚಿಪ್ಪು ಬಲಿತ ಹೆಣ್ಣು ಕೀಟಕ್ಕೆ ಮೇಲೆ ಬಿದ್ದ ಔಷಧಿ ತಾಗುವುದೇ ಕಷ್ಟ. ಮೊಟ್ಟೆಯೊಡೆದು ಬಂದ ಮರಿಗಳು ನೆಲೆಯೂರಲು ಜಾಗ ಹುಡುಕುತ್ತ ಹರಿದಾಡುವ ಅಲ್ಪಾವಧಿಯಲ್ಲಿ ಮಾತ್ರ ಸಿಂಪಡಣೆ ಫಲ ಕೊಡುತ್ತದೆ. ಆ ಹೊತ್ತು ತಪ್ಪಿದರೆ ಸಾಯುವುದು ಹೆಚ್ಚಾಗಿ ಶಲ್ಕ ಕೀಟಗಳನ್ನು ತಿನ್ನುವ ಗುಲಗಂಜಿ ಹುಳುಗಳು, ಅವುಗಳ ಮೈಯೊಳಗೆ ಮೊಟ್ಟೆಯಿಡುವ ಸಣ್ಣ ಕಣಜಗಳು. ಅಂದರೆ ನಮ್ಮ ಪರವಾಗಿ ದುಡಿಯುವವುಗಳೇ.