ಹಾಲ್ಟಿಂಗ್ ಬಸ್ಸಿನ ಡೀಸೆಲ್ ಲೆಕ್ಕ

ಡೀಸೆಲ್ ಬೆಲೆ ಏರಿದಾಗ ಪೇಟೆಯವರು ಬೈಯುವುದು ಟಿಕೆಟ್ ದರವನ್ನು. ಮಲೆನಾಡಿನ ಒಳಗಿನ ಶಾಲೆ ಮಕ್ಕಳಿಗೆ ಪೆಟ್ಟು ಬೀಳುವುದು ದರದಿಂದಲ್ಲ, ಟ್ರಿಪ್ಪಿನಿಂದ. ಹೊಸನಗರ, ತೀರ್ಥಹಳ್ಳಿ, ಸಾಗರದ ಹಳ್ಳಿ ರೂಟುಗಳಲ್ಲಿ ಓಡುವುದು ಬಹುಪಾಲು ಖಾಸಗಿ ಬಸ್ಸು. ಬೆಲೆ ಏರಿತೆಂದು ಬಸ್ಸು ಮಾರನೇ ದಿನವೇ ನಿಲ್ಲುವುದಿಲ್ಲ. ಮೊದಲು ಭಾನುವಾರದ ಟ್ರಿಪ್ ಹೋಗುತ್ತದೆ, ಆಮೇಲೆ ಮಧ್ಯಾಹ್ನದ್ದು. ಕೊನೆಯ ಊರಿನ ತನಕ ಹೋಗುತ್ತಿದ್ದ ಬಸ್ಸು ಕೂಡುರಸ್ತೆಯಲ್ಲೇ ತಿರುಗಲು ಶುರುಮಾಡುತ್ತದೆ. ಕಡೆಗೆ ರಾತ್ರಿ ಹಾಲ್ಟಿಂಗ್ ರದ್ದು.

ಹಾಲ್ಟಿಂಗ್ ಬಸ್ಸು ಅಂದರೆ ರಾತ್ರಿ ಹಳ್ಳಿಗೆ ಬಂದು, ಅಲ್ಲೇ ಮಲಗಿ, ಬೆಳಿಗ್ಗೆ ಮಕ್ಕಳನ್ನು ತುಂಬಿಕೊಂಡು ಪೇಟೆಗೆ ಹೊರಡುವ ಬಸ್ಸು. ಮಲೆನಾಡಿನ ಹೈಸ್ಕೂಲುಗಳಿಗೆ ಇದೇ ಜೀವನಾಡಿ. ಅದು ಪೇಟೆಯಲ್ಲೇ ತಂಗಿದರೆ ಬೆಳಗಾಗೆದ್ದು 25 ಕಿ.ಮೀ. ಖಾಲಿ ಬರಬೇಕು. ಬಯಲುಸೀಮೆಯಲ್ಲಿ ಲೀಟರಿಗೆ 5 ಕಿ.ಮೀ. ಕೊಡುವ ಬಸ್ಸು ಮಲೆನಾಡಿನಲ್ಲಿ 4ಕ್ಕೆ ಇಳಿಯುತ್ತದೆ: ಏರಿನಲ್ಲಿ ಸೆಕೆಂಡ್ ಗೇರು, ಫರ್ಲಾಂಗಿಗೊಂದು ನಿಲುಗಡೆ, ತಿರುವಿನಲ್ಲಿ ಎದುರು ಲಾರಿ ಬಂದರೆ ರಿವರ್ಸು. ಆ ಲೆಕ್ಕದಲ್ಲಿ ಖಾಲಿ ಓಟಕ್ಕೇ ಆರೂಕಾಲು ಲೀಟರ್, 2025ರ ಬೆಲೆ ಲೀಟರಿಗೆ 91 ರೂಪಾಯಿಯಂತೆ 569 ರೂಪಾಯಿ, ಕಲೆಕ್ಷನ್ ಸೊನ್ನೆ. ಯಾವ ಮಾಲೀಕನೂ ಇದನ್ನು ಬಹಳ ದಿನ ಮಾಡುವುದಿಲ್ಲ. ಹಾಗಾಗಿ ಹಾಲ್ಟಿಂಗ್ ತಪ್ಪಿದ ಊರಿಗೆ ಬೆಳಗಿನ ಬಸ್ಸೂ ತಪ್ಪಿತೆಂದೇ ಲೆಕ್ಕ.

ರಾಜ್ಯ ಸರ್ಕಾರ 2024ರ ಜೂನ್‌ನಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 14.34ರಿಂದ 18.44ಕ್ಕೆ ಏರಿಸಿತು, 2025ರ ಏಪ್ರಿಲ್‌ನಲ್ಲಿ 21.17ಕ್ಕೆ. ಎರಡೂ ಸೇರಿ ಲೀಟರಿಗೆ ಸುಮಾರು 5 ರೂಪಾಯಿ. ದಿನಕ್ಕೆ 160 ಕಿ.ಮೀ. ಓಡುವ ಬಸ್ಸು 40 ಲೀಟರ್ ಕುಡಿಯುತ್ತದೆ; ಹೆಚ್ಚುವರಿ ಹೊರೆ ದಿನಕ್ಕೆ 200, ತಿಂಗಳಿಗೆ 5,200. ಇದೊಂದೇ ಆಗಿದ್ದರೆ ಹೇಗೋ ನಿಭಾಯಿಸಬಹುದಿತ್ತು. ಅದರ ಮೇಲೆ ತ್ರೈಮಾಸಿಕ ತೆರಿಗೆ, ವಿಮೆ, ಟೈರು. ಜನ ಕಡಿಮೆಯಿರುವ ಮಳೆಗಾಲದಲ್ಲಿ ತೆರಿಗೆ ಉಳಿಸಲು ದಾಖಲೆಗಳನ್ನೇ ಆರ್‌ಟಿಒಗೆ ಸರಂಡರ್ ಮಾಡಿ ಬಸ್ಸನ್ನು ಶೆಡ್ಡಿಗೆ ಹಾಕುವುದುಂಟು. ಆರಿದ್ರಾ, ಪುನರ್ವಸು ಮಳೆ ಹೊಡೆಯುವ ಹೊತ್ತಿಗೆ, ಅಂದರೆ ಕಾಲುಸಂಕ ದಾಟಿ ನಡೆಯುವುದೇ ಅಪಾಯವಿರುವಾಗ, ಬಸ್ಸು ಮಾಯ.

ನಮ್ಮ ಸರ್ಕಾರ ಈ ಹೊತ್ತಿನಲ್ಲಿ ಮಕ್ಕಳ ಕೈಗೆ ಕೊಡುವುದು ಪಾಸು. ಪಾಸು ನಡೆಯುವುದು ಸರ್ಕಾರಿ ಬಸ್ಸಿನಲ್ಲಿ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯೂ ಅಷ್ಟೇ. ಹೈಸ್ಕೂಲು ಹುಡುಗಿ ಶಿವಮೊಗ್ಗದಿಂದ ಬೆಂಗಳೂರಿಗೆ ಪುಕ್ಕಟೆ ಹೋಗಬಹುದು; ಸರ್ಕಾರಿ ಬಸ್ಸಿಲ್ಲದ ತನ್ನ ಊರಿಂದ ಹೋಬಳಿ ಶಾಲೆಗೆ ದುಡ್ಡು ಕೊಟ್ಟೇ ಹೋಗಬೇಕು. ಖಾಸಗಿಯವರು ಮಕ್ಕಳಿಗೆ ಅರ್ಧ ಟಿಕೆಟ್ ಹರಿದರೆ ಅದು ಅವರ ದೊಡ್ಡ ಮನಸ್ಸು.

ನಾನಿರುವ ಕೇರಳದಲ್ಲೂ ಹಳ್ಳಿಗಾಡಿನ ಸಂಚಾರ ಖಾಸಗಿ ಬಸ್ಸನ್ನೇ ನೆಚ್ಚಿದೆ, ಡೀಸೆಲ್ಲೂ ಕರ್ನಾಟಕಕ್ಕಿಂತ ದುಬಾರಿ. ಆದರೆ ಅಲ್ಲಿ ವಿದ್ಯಾರ್ಥಿ ದರ ಖಾಸಗಿ ಬಸ್ಸಿಗೂ ಕಡ್ಡಾಯ. ಕನಿಷ್ಠ ದರ 2012ರಲ್ಲಿ 50 ಪೈಸೆಯಿಂದ 1 ರೂಪಾಯಿಗೆ ಏರಿತು. ದೊಡ್ಡವರ ಕನಿಷ್ಠ ದರ 2022ರಲ್ಲಿ 10 ರೂಪಾಯಿ ಆದರೂ ಮಕ್ಕಳದ್ದು ಹಾಗೇ ಉಳಿಯಿತು. 2025ರ ಜುಲೈನಲ್ಲಿ ಬಸ್ ಮಾಲೀಕರು ಮುಷ್ಕರ ಹೂಡಿದ ಕಾರಣಗಳಲ್ಲಿ ಇದೂ ಒಂದು. ಬಸ್ ದರ ಪರಿಶೀಲಿಸಿದ ರಾಮಚಂದ್ರನ್ ಆಯೋಗ ಅದನ್ನು 5 ರೂಪಾಯಿ ಮಾಡಿ ಎಂದು ಶಿಫಾರಸು ಮಾಡಿತ್ತು. ವಿದ್ಯಾರ್ಥಿ ಸಂಘಟನೆಗಳ ಎದುರು ಯಾವ ಸರ್ಕಾರಕ್ಕೂ ಅದು ಸಲೀಸಲ್ಲ.

ಈ ಕಡ್ಡಾಯ ದರವನ್ನು ಎತ್ತಿಕೊಂಡು ಹೋಗಿ ಮಲೆನಾಡಿನಲ್ಲಿ ನೆಡಿ ಎಂದು ಹೇಳಲಾರೆ. ಕೇರಳದಲ್ಲಿ ಮನೆಗೊತ್ತಿ ಮನೆ, ದಾರಿಯುದ್ದಕ್ಕೂ ಜನ. ಮಕ್ಕಳ ನಷ್ಟವನ್ನು ದೊಡ್ಡವರ ಟಿಕೆಟ್ ತುಂಬಿಕೊಡುತ್ತದೆ. ಹಾಗಿದ್ದೂ ಯೂನಿಫಾರ್ಮ್ ಕಂಡರೆ ಸ್ಟಾಪ್ ಬಿಟ್ಟು ಮುಂದೆ ಹೋಗಿ ನಿಲ್ಲಿಸುವ ಡ್ರೈವರುಗಳಿದ್ದಾರೆ. ಹೊಸನಗರ ತಾಲ್ಲೂಕಿನ ನಗರ, ನಿಟ್ಟೂರು ಎಂಬ ಊರುಗಳ ಕಡೆ ಬೆಳಗಿನ ಬಸ್ಸಿನಲ್ಲಿ ಇರುವುದೇ ಮಕ್ಕಳು. ಅವರ ನಷ್ಟವನ್ನು ಮಾಲೀಕನ ತಲೆಗೆ ಕಟ್ಟಿದರೆ ಆತ ಪರ್ಮಿಟ್ಟೇ ಬಿಟ್ಟುಬಿಟ್ಟಾನು. ಪಕ್ಕದ ಕೊಪ್ಪದಲ್ಲಿ ಕಾರ್ಮಿಕರೇ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆ ವಿದ್ಯಾರ್ಥಿಗಳಿಗೆ ರಿಯಾಯಿತಿ ಕೊಟ್ಟು, ಕುಗ್ರಾಮಗಳಿಗೆ ಓಡಿ, 2020ರಲ್ಲಿ ನಷ್ಟ ತಾಳಲಾರದೆ ಬಾಗಿಲು ಹಾಕಿತಲ್ಲ.

ಕೇರಳದಿಂದ ಕಲಿಯಬೇಕಾದ್ದು ಬೇರೆ ಎರಡಿವೆ. ಒಂದು ವಿದ್ಯಾವಾಹಿನಿ: ವಯನಾಡಿನಂಥ ಕಡೆ ಬುಡಕಟ್ಟು ಹಾಡಿಗಳ ಮಕ್ಕಳನ್ನು ಜೀಪಿನಲ್ಲಿ ಶಾಲೆಗೆ ಕರೆತರುವ, ಬಾಡಿಗೆಯನ್ನು ಸರ್ಕಾರವೇ ಕೊಡುವ ಯೋಜನೆ. ಬಾಡಿಗೆ ತಿಂಗಳುಗಟ್ಟಲೆ ಬಾಕಿ ಬಿದ್ದು ಡ್ರೈವರುಗಳು ಜೀಪು ನಿಲ್ಲಿಸುವುದು ಅದರ ದೊಡ್ಡ ರೋಗ. ಇನ್ನೊಂದು ತಪ್ಪಿನ ಪಾಠ. ಶಾಸಕರ ನಿಧಿಯಿಂದ ಸರ್ಕಾರಿ ಶಾಲೆಗೆ ಬಸ್ಸು ಕೊಡಿಸುತ್ತಾರೆ, ಡೀಸೆಲ್, ಡ್ರೈವರ್, ವಿಮೆ ಎಲ್ಲ ಪೋಷಕರ ಸಂಘದ ತಲೆಗೆ. ಸಂಘದ ಕೈಲಾಗದೆ ಹೊಸ ಬಸ್ಸು ಅಂಗಳದಲ್ಲೇ ತುಕ್ಕು ಹಿಡಿದ ಉದಾಹರಣೆಗಳಿವೆ. ಅದರಲ್ಲೂ ಹೊಗೆ ನಿಯಂತ್ರಣದ ಹೊಸ ಮಾನದಂಡದ ಬಿಎಸ್-6 ಬಸ್ಸು ಗುಡ್ಡದ ಶಾಲೆಗೆ ಹೇಳಿಮಾಡಿಸಿದ ಗಾಡಿಯಲ್ಲ. ಹೊಗೆ ಸೋಸುವ ಫಿಲ್ಟರಿನ ಮಸಿ ಸುಟ್ಟುಹೋಗಲು ಗಾಡಿ ಒಂದಷ್ಟು ಹೊತ್ತು ಒಂದೇ ಸಮ ವೇಗದಲ್ಲಿ ಓಡಬೇಕು. ಗಂಟೆಗೆ 20 ಕಿ.ಮೀ.ನಂತೆ ನಿಂತು ನಿಂತು ಸಾಗುವ ಶಾಲೆ ಟ್ರಿಪ್ಪಿನಲ್ಲಿ ಅದು ಕಟ್ಟಿಕೊಂಡು, ಪಿಕಪ್ ಬಿದ್ದು, ಬಸ್ಸು ಏರಿನಲ್ಲಿ ಏದುಸಿರು ಬಿಡುತ್ತದೆ. ವಾರಕ್ಕೊಮ್ಮೆ ಹೆದ್ದಾರಿಗೆ ಒಯ್ದು ಓಡಿಸಬೇಕು, ಅದಕ್ಕೂ ಡೀಸೆಲ್ ಬೇಕು.

ಸಮಗ್ರ ಶಿಕ್ಷಣದಡಿ ದೂರದ ಜನವಸತಿಯ ಮಕ್ಕಳಿಗೆ ವರ್ಷಕ್ಕೆ ಗರಿಷ್ಠ 6,000 ರೂಪಾಯಿ ಸಾರಿಗೆ ಭತ್ಯೆಗೆ ಅವಕಾಶವಿದೆ. ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 600, ದಿನಕ್ಕೆ 25. 14 ಮಕ್ಕಳನ್ನು ಹೊತ್ತು ಹೋಗಿಬರುವುದೆಲ್ಲ ಸೇರಿ 80 ಕಿ.ಮೀ. ಓಡುವ ಟೆಂಪೋ ಟ್ರಾವೆಲರ್, ಲೀಟರಿಗೆ 10 ಕಿ.ಮೀ. ಕೊಟ್ಟರೂ, 728 ರೂಪಾಯಿ ಡೀಸೆಲ್ ಸುಡುತ್ತದೆ. ತಲೆಗೆ 52. ಭತ್ಯೆ ಪೂರ್ತಿ ಕೈಸೇರಿದರೂ ಡೀಸೆಲ್ಲಿನ ಅರ್ಧಕ್ಕೆ ಸಾಲದು. ಉಳಿದದ್ದನ್ನು ಸರಿದೂಗಿಸಲು ಪುಟ್ಟ ಓಮ್ನಿ ವ್ಯಾನಿನಲ್ಲಿ ಹದಿನೈದು ಮಕ್ಕಳನ್ನು ತುರುಕುತ್ತಾರೆ. ಮಕ್ಕಳು ಕಡಿಮೆಯಾದ ಶಾಲೆ ಮುಚ್ಚಿ ಹೋಬಳಿಯ ಕರ್ನಾಟಕ ಪಬ್ಲಿಕ್ ಶಾಲೆಗೆ ಸೇರಿಸಿ ಎನ್ನುವವರು ಮೇಷ್ಟ್ರ ಸಂಬಳದ ಉಳಿತಾಯ ತೋರಿಸುತ್ತಾರೆ, ಈ 728ನ್ನು ತೋರಿಸುವುದಿಲ್ಲ.

ನನ್ನ ಮಾತಿಷ್ಟೇ: ದುಡ್ಡು ಕೊಡಬೇಕಾದ್ದು ಟಿಕೆಟ್ಟಿಗಲ್ಲ, ಟ್ರಿಪ್ಪಿಗೆ. ಹಾಲ್ಟಿಂಗ್ ಬಸ್ಸು ಕಳೆದುಕೊಂಡ ಊರುಗಳ ಪಟ್ಟಿ ಮಾಡಿ, ಬೆಳಿಗ್ಗೆ ಒಂದು, ಸಂಜೆ ಒಂದು ಟ್ರಿಪ್ಪಿಗೆ ಅದೇ ಖಾಸಗಿ ಮಾಲೀಕನೊಂದಿಗೆ ಕಿ.ಮೀ. ಲೆಕ್ಕದ ಕರಾರು ಮಾಡಿಕೊಳ್ಳಬೇಕು. ಕರಾರಿನಲ್ಲಿ ಡೀಸೆಲ್ ಸೂತ್ರ ಇರಲೇಬೇಕು. ಲೀಟರಿಗೆ 4 ಕಿ.ಮೀ. ಎಂದಿಟ್ಟರೆ, ಡೀಸೆಲ್ 4 ರೂಪಾಯಿ ಏರಿದಾಗ ಕಿ.ಮೀ.ಗೆ 1 ರೂಪಾಯಿ ಏರಬೇಕು, ಇಳಿದಾಗ ಇಳಿಯಬೇಕು. ಟ್ರಿಪ್ ಶೀಟಿಗೆ ಮುಖ್ಯಶಿಕ್ಷಕರ ಸಹಿ ಬಿದ್ದು ಹದಿನೈದು ದಿನದೊಳಗೆ ಹಣ ಜಮಾ ಆಗಬೇಕು, ಇಲ್ಲದಿದ್ದರೆ ವಯನಾಡಿನ ಜೀಪಿನ ಕಥೆಯೇ. ದಸರಾ ರಜೆಗೂ, ಬಸ್ಸು ನಿಂತಿದ್ದರೂ ಸಿಗುವ ಒಂದು ಮೊತ್ತ ಇರಲಿ, ಆಗ ದಾಖಲೆ ಸರಂಡರ್ ಮಾಡುವ ಆಸೆ ಹುಟ್ಟದು. ಸಂಜೆ ಟ್ರಿಪ್ಪನ್ನು ಎಸ್ಸೆಸ್ಸೆಲ್ಸಿಯ ಸ್ಪೆಷಲ್ ಕ್ಲಾಸ್ ಬಿಡುವ ಹೊತ್ತಿಗೆ ಹೊಂದಿಸಬೇಕು. ನಾಲ್ಕೂವರೆಗೆ ಹೊರಟ ಬಸ್ಸು ಹತ್ತನೇ ತರಗತಿಗೆ ಇದ್ದೂ ಇಲ್ಲದಂತೆ. ಕರಾರು ಏಪ್ರಿಲ್‌ನಲ್ಲೇ ಮುಗಿಯಬೇಕು. ಮೇ ಕೊನೆಗೆ ಶಾಲೆ ತೆರೆಯುತ್ತದೆ, ಜೂನ್‌ನಲ್ಲಿ ಹೊಳೆ ಏರುತ್ತದೆ, ಟೆಂಡರ್ ಕಡತ ಆಗಸ್ಟ್‌ನಲ್ಲಿ ಸಾಗಿದರೆ ಮಳೆಗಾಲದ ಮುಕ್ಕಾಲು ಭಾಗ ಮಕ್ಕಳು ನಡೆದಾಗಿರುತ್ತದೆ.