ಒಂದು ಎಕರೆ ಟೊಮೆಟೊಗೆ ಏಳು ಎಕರೆ ಮಳೆ

ಕೋಲಾರ, ಚಿಕ್ಕಬಳ್ಳಾಪುರ ಭಾಗದಲ್ಲಿ ಮುಂದಿನ ಪೀಳಿಗೆಯ ನೀರಿನ ಮಾತು ಬಂದರೆ ಅದು ನೇರ ಪಶ್ಚಿಮ ಘಟ್ಟದ ನೀರು ತರುವ ಎತ್ತಿನಹೊಳೆ ಯೋಜನೆಗೆ ಹೋಗುತ್ತೆ, ಇಲ್ಲವೇ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡುವ ಕೆ.ಸಿ. ವ್ಯಾಲಿಗೆ. ಎಲ್ಲಿಂದ ತರೋದು, ಎಷ್ಟು ಟಿಎಂಸಿ, ಯಾವಾಗ ಬರುತ್ತೆ? ಈ ಪ್ರಶ್ನೆಗಳನ್ನು ಕೇಳಲೇಬೇಕು, ಬಿಡಬಾರದು. ಆದರೆ ಊರಿಗೆ ಈ ವರ್ಷ ಬಿದ್ದ ಮಳೆ ಎಷ್ಟು, ಅದರಲ್ಲಿ ಖರ್ಚು ಮಾಡಬಹುದಾದದ್ದು ಎಷ್ಟು ಅಂತ ಬೇಸಿಗೆ ಬೆಳೆ ಇಡುವ ಮೊದಲು ಊರವರು ಒಟ್ಟಿಗೆ ಕೂತು ಲೆಕ್ಕ ಹಾಕುವುದು ಮಾತ್ರ ಬಹುತೇಕ ಎಲ್ಲೂ ನಡೆಯುತ್ತಿಲ್ಲ. ಭವಿಷ್ಯದ ಸಿದ್ಧತೆ ಆ ಲೆಕ್ಕದಿಂದಲೇ ಶುರುವಾಗಬೇಕು. ಲೆಕ್ಕ ಕಷ್ಟದ್ದೇನಲ್ಲ, ಇಲ್ಲೇ ಹಾಕೋಣ.

ನಮ್ಮ ಕಡೆ ವಾಡಿಕೆ ಮಳೆ ಸುಮಾರು 700 ಮಿ.ಮೀ. ಅಂತ ಇಟ್ಟುಕೊಳ್ಳಿ. ಒಂದು ಎಕರೆ ಮೇಲೆ ಅಷ್ಟು ಮಳೆ ಬಿದ್ದರೆ 28 ಲಕ್ಷ ಲೀಟರ್. ಕೇಳಲು ದೊಡ್ಡ ಸಂಖ್ಯೆ. ಆದರೆ ನಮ್ಮದು ಗ್ರಾನೈಟ್, ನೈಸ್ ಅನ್ನೋ ಗಟ್ಟಿ ಬಂಡೆಗಳ ನೆಲ. ಇಂಥ ನೆಲದಲ್ಲಿ ಅಂತರ್ಜಲಕ್ಕೆ ಇಳಿಯೋದು ಮಳೆಯ ಹತ್ತು ಪರ್ಸೆಂಟ್ ಆಸುಪಾಸು. ಜೇಡಿ ಜಾಸ್ತಿ ಇದ್ದರೆ ಎಂಟಕ್ಕೆ ಇಳಿಯುತ್ತೆ, ಬರೀ ಬಂಡೆಯ ಗುಡ್ಡದಲ್ಲಿ ಹೆಚ್ಚೇನೂ ಇಳಿಯಲ್ಲ. ಅಲ್ಲಿಗೆ ಎಕರೆಗೆ ಸಿಕ್ಕಿದ್ದು 2.8 ಲಕ್ಷ ಲೀಟರ್. ಬೇಸಿಗೆ ಟೊಮೆಟೊಗೆ ಡ್ರಿಪ್, ಮಲ್ಚಿಂಗ್ ಎಲ್ಲ ಇದ್ದರೂ ಎಕರೆಗೆ ಸುಮಾರು 20 ಲಕ್ಷ ಲೀಟರ್ ಬೇಕು. ಭಾಗಿಸಿ ನೋಡಿ, ಏಳು ಬರುತ್ತೆ. ಒಂದು ಎಕರೆ ಟೊಮೆಟೊ ಏಳು ಎಕರೆಯ ಇಡೀ ವರ್ಷದ ಇಂಗುನೀರನ್ನು ಕುಡಿಯುತ್ತೆ. ಬೋರ್ ನೀರಲ್ಲಿ ಭತ್ತ ಇಟ್ಟರೆ ಹದಿನೇಳು ಎಕರೆಯದ್ದು. ಆ ಉಳಿದ ಆರು ಎಕರೆ, ಹದಿನಾರು ಎಕರೆ ಯಾರದು? ಪಕ್ಕದವರದ್ದು, ಗೋಮಾಳದ್ದು, ಇಲ್ಲವೇ ಇನ್ನೂ ಹುಟ್ಟದವರದ್ದು.

ಇದನ್ನೇ ಊರ ಮಟ್ಟಕ್ಕೆ ತನ್ನಿ. 2,500 ಎಕರೆ ವಿಸ್ತೀರ್ಣ, 2,000 ಜನ, 500 ದನ ಇರುವ ಊರು ಅಂದುಕೊಳ್ಳಿ. ವರ್ಷಕ್ಕೆ ಇಂಗಿದ್ದು 70 ಕೋಟಿ ಲೀಟರ್. ಅಂತರ್ಜಲ ಇಲಾಖೆಯ ವರ್ಗೀಕರಣದಲ್ಲಿ 70 ಪರ್ಸೆಂಟ್ ಒಳಗೆ ಬಳಸುವ ಜಾಗ ಮಾತ್ರ 'ಸುರಕ್ಷಿತ'. ಅಂದರೆ 49 ಕೋಟಿ. ಜನಕ್ಕೆ ತಲೆಗೆ ದಿನಕ್ಕೆ 55 ಲೀಟರ್, ದನಕ್ಕೆ 80 ಲೀಟರ್ ಅಂತ ಎತ್ತಿಟ್ಟರೆ ವರ್ಷಕ್ಕೆ ಐದೂವರೆ ಕೋಟಿ. ಇದನ್ನು ಮೊದಲು ಕಳೆಯಬೇಕು, ಕೊನೆಗೆ ಅಲ್ಲ. ಉಳಿದದ್ದು 43.5 ಕೋಟಿ, ಹತ್ತಿರ ಹತ್ತಿರ 217 ಎಕರೆ ಟೊಮೆಟೊಗೆ ಸಾಕಾಗುವಷ್ಟು. ಊರಲ್ಲಿ 150 ಬೋರ್ ಓಡುತ್ತಿದ್ದು, ಒಂದೊಂದರ ಕೆಳಗೆ ಮೂರು ಎಕರೆ ಇದ್ದರೆ 450 ಎಕರೆ ಆಯ್ತು, ಅಂದರೆ 90 ಕೋಟಿ. ಕುಡಿಯುವ ನೀರೂ ಸೇರಿದರೆ ಎತ್ತಿದ್ದು 95 ಕೋಟಿ, ಬಂದದ್ದು 70. ವರ್ಷ ವರ್ಷವೂ 25 ಕೋಟಿ ಲೀಟರ್ ಹಳೇ ಗಂಟಿನಿಂದ ಹೋಗುತ್ತೆ.

ಆ 25 ಕೋಟಿ ನೆಲದೊಳಗೆ ಹೇಗೆ ಕಾಣುತ್ತೆ ಅನ್ನೋದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲೇ ಎಲ್ಲರೂ ಮೋಸ ಹೋಗೋದು. ಮೇಲಿನ ಕೊಳೆತ ಕಲ್ಲಿನ ಪದರದಲ್ಲಿ ನೀರು ಬಿಟ್ಟುಕೊಡುವ ಜಾಗ ಒಟ್ಟು ಗಾತ್ರದ ಎರಡು ಪರ್ಸೆಂಟ್ ಸುಮಾರು. ಅಲ್ಲಿ 25 ಕೋಟಿ ಲೀಟರ್ ತೆಗೆದರೆ ಮಟ್ಟ ನಾಲ್ಕು ಅಡಿ ಕುಸಿಯುತ್ತೆ. ಆ ಪದರ ಖಾಲಿಯಾಗಿ ಕೆಳಗಿನ ಗಟ್ಟಿ ಬಂಡೆಯ ಬಿರುಕಿಗೆ ಇಳಿದರೆ ಜಾಗ ಅರ್ಧ ಪರ್ಸೆಂಟ್ ಇದ್ದರೆ ಹೆಚ್ಚು. ಅದೇ 25 ಕೋಟಿ ತೆಗೆದರೆ ಈಗ ಹದಿನಾರು ಅಡಿ. ಅದಕ್ಕೇ ಮೊದಲ ಇಪ್ಪತ್ತು ವರ್ಷ ನಿಧಾನವಾಗಿ ಇಳಿದ ನೀರು ಆಮೇಲೆ ದಡದಡ ಅಂತ ಬಿದ್ದುಹೋಯಿತು. ಸಾವಿರ, ಸಾವಿರದೈನೂರು ಅಡಿಗೆ ಹೋದವರಿಗೆ ಸಿಕ್ಕಿದ್ದು ಬಂಡೆಯ ಜೊತೆ ತುಂಬಾ ಕಾಲ ನಿಂತಿದ್ದ ನೀರು. ಅದರ ಜೊತೆ ಫ್ಲೋರೈಡೂ ಬಂತು. ಪಾವಗಡ, ಮಧುಗಿರಿ, ಬಾಗೇಪಲ್ಲಿ ಕಡೆಯ ಮಕ್ಕಳ ಹಲ್ಲಿನ ಕಂದು ಕಲೆ ನೋಡಿದವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಲೀಟರಿಗೆ 1.5 ಮಿ.ಗ್ರಾಂ ಮೀರಿದ ಫ್ಲೋರೈಡ್ ನೀರನ್ನು ಕುಡಿಯಲೇಬಾರದು.

ಲೆಕ್ಕ ಸರಿ ಬರಬೇಕಾದರೆ ಅಳತೆ ಸರಿ ಇರಬೇಕು. ಬೋರ್ ಎಷ್ಟು ಕೊಡುತ್ತೆ ಅಂದರೆ "ಎರಡಿಂಚು" ಅಂತಾರೆ. ಆ ಇಂಚು ಸಾಮಾನ್ಯವಾಗಿ ಕೊರೆದ ದಿನ ಗಾಡಿಯವರು ಹೇಳಿದ ಇಂಚು, ಇವತ್ತಿನದ್ದಲ್ಲ. 200 ಲೀಟರಿನ ಡ್ರಮ್ ಇಟ್ಟು ಎಷ್ಟು ಸೆಕೆಂಡಿಗೆ ತುಂಬುತ್ತೆ ಅಂತ ಮೊಬೈಲಲ್ಲಿ ನೋಡಿ. 80 ಸೆಕೆಂಡ್ ಆದರೆ ನಿಮಿಷಕ್ಕೆ 150 ಲೀಟರ್, ಗಂಟೆಗೆ 9,000. ಆದರೆ ಸ್ಟಾರ್ಟರ್ ಒತ್ತಿದ ತಕ್ಷಣ ಅಳೆಯಬೇಡಿ. ಆರೂವರೆ ಇಂಚಿನ ಬೋರಿನಲ್ಲಿ ಮೀಟರಿಗೆ 21 ಲೀಟರ್ ನೀರು ನಿಂತಿರುತ್ತೆ. ನೂರು ಮೀಟರ್ ನೀರು ನಿಂತಿದ್ದರೆ 2,100 ಲೀಟರ್, ಅಂದರೆ ಮೊದಲ ಹದಿನಾಲ್ಕು ನಿಮಿಷ ಹೊರಗೆ ಬಂದದ್ದು ರಾತ್ರಿಯೆಲ್ಲ ಕೂಡಿದ್ದ ನೀರು. ಮೋಟಾರ್ ಒಂದು ಗಂಟೆ ಓಡಿದ ಮೇಲೆ ಅಳೆದದ್ದೇ ನಿಜ. ಏಪ್ರಿಲ್‌ನಲ್ಲಿ ಇನ್ನೊಮ್ಮೆ ಅಳೆದರೆ ಇಳಿಕೆ ಕಣ್ಣಿಗೆ ಕಾಣುತ್ತೆ.

ನೀರಿನ ಮಟ್ಟಕ್ಕೆ ಊರಿನ ಸುತ್ತ ನಾಲ್ಕೈದು ನಿಂತುಹೋದ ಬೋರ್ ಆರಿಸಿಕೊಳ್ಳಿ. ಪಂಪ್ ಇಳಿಸಿದ ಬೋರಲ್ಲಿ ಹಗ್ಗ ಪೈಪಿಗೆ, ಕೇಬಲ್ಲಿಗೆ ಸುತ್ತಿಕೊಳ್ಳುತ್ತೆ. ಮೀಟರಿಗೊಂದು ಗಂಟು ಹಾಕಿದ ನೈಲಾನ್ ಹಗ್ಗ, ತುದಿಗೆ ಬೋರಲು ಕಟ್ಟಿದ ಸಣ್ಣ ಸ್ಟೀಲ್ ಲೋಟ. ಬಾಯಿ ನೀರು ಮುಟ್ಟಿದಾಗ ಬುಳಕ್ ಅನ್ನೋ ಸದ್ದು ಮೇಲಕ್ಕೆ ಸ್ಪಷ್ಟವಾಗಿ ಕೇಳುತ್ತೆ. ಇನ್ನೂರು ಅಡಿ ದಾಟಿದರೆ ಕೇಳಿಸೋದು ಕಷ್ಟ, ಆಗ ನೀರು ಮುಟ್ಟಿದರೆ ಕೂಗುವ ಬಝರ್ ಟೇಪು ಬೇಕು. ಸುತ್ತ ತ್ರೀ ಫೇಸ್ ಕರೆಂಟ್ ಇರುವ ಹೊತ್ತಲ್ಲಿ ಅಳೆದರೆ ಅಕ್ಕಪಕ್ಕದ ಮೋಟಾರುಗಳು ಎಳೆಯುತ್ತಿರುತ್ತವೆ, ಲೆಕ್ಕ ತಪ್ಪುತ್ತೆ. ಕರೆಂಟ್ ಹೋಗಿ ನಾಲ್ಕೈದು ಗಂಟೆ ಕಳೆದಿರಬೇಕು. ಅಳೆದ ಮೇಲೆ ಕೇಸಿಂಗ್ ಬಾಯಿಗೆ ಕ್ಯಾಪ್ ಹಾಕೋದನ್ನು ಮಾತ್ರ ಯಾವ ಕಾರಣಕ್ಕೂ ಮರೆಯಬೇಡಿ, ಅದು ಮಕ್ಕಳ ಜೀವದ ವಿಷಯ.

ಮಳೆ ಲೆಕ್ಕಕ್ಕೆ ತಾಲೂಕು ಕೇಂದ್ರದ ಅಂಕಿ ಹಿಡಿಯಬೇಡಿ. ಒಂದು ಕೆರೆ ಏರಿಯ ಈಚೆ ಹದ ಮಳೆ, ಆಚೆ ಹನಿ ಇಲ್ಲ ಅನ್ನುವ ಸೀಮೆ ನಮ್ಮದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ, ಆ ಅಂಕಿ ಕೇಳಿ ತೆಗೆದುಕೊಳ್ಳಿ. ಇನ್ನೊಂದು ಎಚ್ಚರ: 400 ಮಿ.ಮೀ. ಬಿದ್ದ ವರ್ಷ ಅದರ ಹತ್ತು ಪರ್ಸೆಂಟ್ ಇಂಗಿತು ಅಂತ ಹಿಡಿಯಬಾರದು. ಒಣಗಿದ ಮಣ್ಣು ಮೊದಲು ತನ್ನ ಹೊಟ್ಟೆ ತುಂಬಿಸಿಕೊಳ್ಳುತ್ತೆ, ಕೆಳಕ್ಕೆ ಬಿಡೋದು ಆಮೇಲೆ.

ಬೆಳೆ ಇಡುವ ಮೊದಲು ನೀರು ನೋಡುವ ಈ ಬುದ್ಧಿ ಹೊಸದಲ್ಲ. ಪಕ್ಕದ ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಕೆರೆ ಶಾಸನವಿದೆ, ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಭವದೂರನದ್ದು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನು, ಕೆರೆಯ ಆರು ದೋಷಗಳನ್ನು ಅದು ಎಣಿಸಿ ಹೇಳುತ್ತೆ. ಏರಿಯಲ್ಲಿ ನೀರು ಜಿನುಗೋದು ಒಂದು ದೋಷ, ಚೌಳು ಮಣ್ಣು ಇನ್ನೊಂದು. ಆ ಆರರಲ್ಲಿ ಒಂದು ಇದು: ನೀರು ಕಡಿಮೆ, ಅದರ ಕೆಳಗಿನ ಭೂಮಿ ವಿಪರೀತ. ಇವತ್ತಿನ ನಮ್ಮ ಇಡೀ ಸಮಸ್ಯೆ ಆ ಒಂದೇ ಸಾಲಿನಲ್ಲಿದೆ. ಕೆರೆ ಕಟ್ಟಿಸಿದವನಿಗೆ ಕಟ್ಟುಗೊಡಗೆ, ದಸವಂದ ಅಂತ ಭೂಮಿ ಬಿಟ್ಟುಕೊಟ್ಟದ್ದು, ಕೆರೆಯ ಮುಂದಿನ ರಿಪೇರಿಗೆ ಬಿತ್ತುವಟ್ಟ ಅಂತ ಬೆಳೆಯಲ್ಲಿ ಪಾಲು ತೆಗೆದಿಟ್ಟದ್ದು ನಮ್ಮ ಶಾಸನಗಳಲ್ಲೇ ಸಿಗುತ್ತೆ. ಕೆರೆ ಅರ್ಧ ತುಂಬಿದ ವರ್ಷ ಅಚ್ಚುಕಟ್ಟಿನ ಎಷ್ಟು ಭಾಗಕ್ಕೆ ನೀರು, ಭತ್ತವೋ ರಾಗಿಯೋ ಅಂತ ತೀರ್ಮಾನ ಆದ ಮೇಲೆಯೇ ನೀರುಗಂಟಿ ತೂಬು ಎತ್ತುತ್ತಿದ್ದ. ಆ ನೀರುಗಂಟಿಗೆ ಎಷ್ಟೋ ಊರಲ್ಲಿ ಅಚ್ಚುಕಟ್ಟಿನಲ್ಲಿ ಒಂದು ಗುಂಟೆಯೂ ಇರಲಿಲ್ಲ, ಸುಗ್ಗಿಯ ಕಣದಲ್ಲಿ ಅಳೆದು ಹಾಕಿದ ಕಾಳೇ ಅವನ ಕೂಲಿ. ಆ ಅನ್ಯಾಯ ವಾಪಸ್ ಬರಬೇಕಿಲ್ಲ. ನೀರು ನೋಡಿ ಬೆಳೆ ನಿರ್ಧರಿಸುವ ಅಧಿಕಾರ ಊರಿನ ಕೈಯಲ್ಲಿತ್ತು ಅನ್ನೋದಷ್ಟೇ ನಮಗೆ ವಾಪಸ್ ಬೇಕಾದದ್ದು.

ಧಾನ್ಯಕ್ಕೂ ಅಂಥದ್ದೇ ಏರ್ಪಾಡಿತ್ತು, ಹಗೇವು. ಒಣ ನೆಲದಲ್ಲಿ ತೋಡಿದ ಗುಂಡಿಗೆ ರಾಗಿ ತುಂಬಿ ಬಾಯಿ ಮುಚ್ಚಿದರೆ ಹುಳ ಹಿಡಿಯದೆ ವರ್ಷಗಟ್ಟಲೆ ಉಳಿಯುತ್ತಿತ್ತು. ತೆಗೆಯುವಾಗ ಗಾಳಿ ಆಡಲು ಬಿಟ್ಟು, ದೀಪ ಇಳಿಸಿ ಆರುತ್ತದೋ ಅಂತ ನೋಡಿಯೇ ಆಳು ಇಳಿಯಬೇಕು. ಒಳಗೆ ಉಸಿರುಗಟ್ಟಿಸುವ ಗಾಳಿ ನಿಂತಿರುತ್ತೆ. ಆದರೆ ಕೂಡಿಟ್ಟದ್ದಕ್ಕೂ ಒಂದು ಮಿತಿ ಇದೆ. 1876-78ರ ಬರ ಒಂದರ ಹಿಂದೆ ಒಂದು ವರ್ಷ ಹಿಡಿದಾಗ, 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ 42 ಲಕ್ಷಕ್ಕೆ ಇಳಿದಿತ್ತು. ಒಂದು ಕೆಟ್ಟ ವರ್ಷಕ್ಕೆ ಸಿದ್ಧವಾದ ಊರು ಮೂರು ಕೆಟ್ಟ ವರ್ಷಕ್ಕೆ ಸಿದ್ಧವಾದಂತಲ್ಲ. ಅಂತರ್ಜಲದಲ್ಲಿ 30 ಪರ್ಸೆಂಟ್ ಮುಟ್ಟದೆ ಬಿಡಬೇಕು ಅನ್ನೋದು ಆ ಎರಡನೇ, ಮೂರನೇ ವರ್ಷಕ್ಕಾಗಿ.

ಹಾಗಾದರೆ ಹೊರಗಿನ ನೀರು ಬಂದರೆ ಸಾಲದೇ ಅಂತ ಕೇಳ್ತಾರೆ. ಕೆ.ಸಿ. ವ್ಯಾಲಿ ನೀರು 2018ರಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಹರಿದಾಗಿನಿಂದ ಕೆರೆಗಳ ಆಸುಪಾಸಿನ ಬೋರುಗಳಿಗೆ ಜೀವ ಬಂದದ್ದು ನಿಜ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಬೇಕು ಅನ್ನುವ ರೈತರ ಬೇಡಿಕೆ ನೂರಕ್ಕೆ ನೂರು ಸರಿ. ಅದರ ಜೊತೆಗೆ ಲೆಕ್ಕವನ್ನೂ ನೋಡಿ. 50 ಎಕರೆ ನೀರು ಹರಡಿದ ಕೆರೆ 150 ದಿನ ತುಂಬಿದ್ದರೆ, ದಿನಕ್ಕೆ 1.4 ಮಿ.ಮೀ. ಇಂಗುತ್ತೆ ಅನ್ನುವ ಸರ್ಕಾರಿ ಮಾನದಂಡದ ಪ್ರಕಾರ ಕೆಳಗಿಳಿಯೋದು ನಾಲ್ಕೂಕಾಲು ಕೋಟಿ ಲೀಟರ್, ಇಪ್ಪತ್ತೊಂದು ಎಕರೆ ಟೊಮೆಟೊಗೆ ಆಗುವಷ್ಟು. ಹೂಳು ತೆಗೆದ ಕೆರೆಯಲ್ಲಿ ಇನ್ನೂ ಹೆಚ್ಚು ಇಂಗಬಹುದು. ಆದರೂ ನೀರು ಕಂಡ ಕೂಡಲೇ ಊರಲ್ಲಿ ಐವತ್ತು ಎಕರೆ ಹೊಸದಾಗಿ ನಾಟಿ ಆದರೆ ಗಂಟು ಕರಗೋದು ನಿಲ್ಲಲ್ಲ. ಇನ್ನೊಂದು ತೊಂದರೆ ಯಾರೂ ಮಾತಾಡದ್ದು: ವರ್ಷಪೂರ್ತಿ ತುಂಬಿರುವ ಕೆರೆಯಲ್ಲಿ ಹೂಳು ತೆಗೆಯಲು ಆಗಲ್ಲ, ಮುಂಗಾರಿನ ಮೊದಲ ಜೋರು ಮಳೆಗೆ ಜಾಗವೂ ಇರಲ್ಲ. ನಮ್ಮ ಸ್ವಂತ ಮಳೆ ಕೋಡಿ ಹರಿದು ಹೋಗುತ್ತೆ. ಪಾಳಿಯಲ್ಲಿ ಒಂದೊಂದು ಕೆರೆಯನ್ನು ಬೇಸಿಗೆಯಲ್ಲಿ ಒಣಗಲು ಬಿಡುವ ವೇಳಾಪಟ್ಟಿ ಬೇಕೇ ಬೇಕು.

ಹೀಗೆ ಮಾಡಿ ತೋರಿಸಿದವರೂ ಇದ್ದಾರೆ. ಮಹಾರಾಷ್ಟ್ರದ ಹಿವರೆ ಬಜಾರ್‌ನಲ್ಲಿ ವರ್ಷ ವರ್ಷ ನೀರಿನ ಲೆಕ್ಕ ಮಂಡಿಸಿ ಬೆಳೆ ನಿರ್ಧರಿಸ್ತಾರೆ. ಬೇಸಾಯಕ್ಕೆ ಬೋರ್ ಇಲ್ಲ, ಕಬ್ಬು, ಬಾಳೆ ಇಲ್ಲ. ಅಲ್ಲಿ ಊರೇ ನಿಷೇಧ ಹಾಕಿಕೊಂಡಿತು. ನಮ್ಮ ಗಡಿಯ ಅನಂತಪುರವೂ ಸೇರಿ ಆಗಿನ ಅವಿಭಜಿತ ಆಂಧ್ರದ ಏಳು ಬರದ ಜಿಲ್ಲೆಗಳಲ್ಲಿ ರೈತರೇ ಮಳೆ, ಮಟ್ಟ ಅಳೆದು ಲೆಕ್ಕ ಮಾಡಿದರು, ಯಾವ ನಿಷೇಧವೂ ಇಲ್ಲದೆ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಜಿಲ್ಲೆಗಳಿಗೆ ಕೇಂದ್ರದ ಅಂತರ್ಜಲ ಯೋಜನೆಯಾದ ಅಟಲ್ ಭೂಜಲ ಬಂದಾಗ ಪಂಚಾಯಿತಿಗಳಲ್ಲಿ ನೀರಿನ ಭದ್ರತಾ ಯೋಜನೆಗಳು ತಯಾರಾದವು. ಫೈಲು ಇದೆ. ಬೆಳೆ ನಿರ್ಧಾರಕ್ಕೆ ಮೊದಲು ಅದನ್ನು ತೆಗೆದು ಊರ ಮುಂದೆ ಓದಿದರೆ ಅದಕ್ಕೆ ಬೆಲೆ ಬರುತ್ತೆ.

ಜಪಾನಿನ ಯಹಾಬಾ ಅನ್ನೋ ಪಟ್ಟಣದಲ್ಲಿ 2015ರಲ್ಲಿ ಒಂದು ಪ್ರಯೋಗ ನಡೆಯಿತು. ಊರಿನ ಯೋಜನೆ ಚರ್ಚಿಸಲು ಕೂತ ಜನರಲ್ಲಿ ಒಂದು ಗುಂಪು ಈಗಿನವರಾಗಿ, ಇನ್ನೊಂದು ಗುಂಪು 2060ರ ನಿವಾಸಿಗಳಾಗಿ ಮಾತಾಡಿತು. ತತ್ಸುಯೋಶಿ ಸೈಜೊ ಅನ್ನುವ ಅರ್ಥಶಾಸ್ತ್ರಜ್ಞರ ಯೋಚನೆ ಇದು. 2060ರವರಾಗಿ ಕೂತವರ ಆಯ್ಕೆಗಳು ಬೇರೆಯೇ ಇದ್ದವು, ದೂರದ್ದನ್ನು ನೋಡುವಂಥವು. ಹಳೇ ಪೈಪುಗಳ ಮುಂದಿನ ಖರ್ಚಿಗಾಗಿ ನೀರಿನ ದರ ಏರಿಸಲು ಅಲ್ಲಿನ ಜನರೇ ಒಪ್ಪಿದರು. ನಮ್ಮ ಗ್ರಾಮಸಭೆಯಲ್ಲೂ ನೀರಿನ ಲೆಕ್ಕದ ದಿನ ಇಬ್ಬರಿಗೆ ಆ ಕುರ್ಚಿ ಕೊಡಬೇಕು, 2060ರಲ್ಲಿ ಈ ಊರಲ್ಲಿ ಇರುವವರ ಪರವಾಗಿ ಮಾತ್ರ ಮಾತಾಡಲು. ಹೈಸ್ಕೂಲಿನ ಹುಡುಗಿಯರಿಗೆ ಕೊಟ್ಟರೆ ಇನ್ನೂ ಒಳ್ಳೆಯದು, ಆಗ ಅವರು ಬದುಕಿರುತ್ತಾರೆ. "ಅಣ್ಣಾ, ಈ 25 ಕೋಟಿ ಲೀಟರ್ ಯಾರದ್ದು?" ಅಂತ ಅವರು ಕೇಳಲಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಲಿ.

ಈ ಸಭೆಯ ದಿನಾಂಕವೇ ಅರ್ಧ ಕೆಲಸ. ಹಿಂಗಾರು ಮಳೆ ಇಳಿಮುಖವಾಗೋದು ನವೆಂಬರ್ ಹೊತ್ತಿಗೆ. ಬೇಸಿಗೆ ಟೊಮೆಟೊ, ಕ್ಯಾಪ್ಸಿಕಂಗೆ ನರ್ಸರಿಯಲ್ಲಿ ಸಸಿ ಬುಕ್ ಮಾಡಿದರೆ ಕೈಗೆ ಬರಲು ಮೂರರಿಂದ ಐದು ವಾರ. ಅಡ್ವಾನ್ಸ್ ಕೊಟ್ಟ ಮೇಲೆ ಯಾವ ರೈತನೂ ಲೆಕ್ಕ ಕೇಳಲ್ಲ, ಕೇಳು ಅನ್ನೋದೂ ನ್ಯಾಯವಲ್ಲ. 2023ರ ಜುಲೈನಲ್ಲಿ ಕೋಲಾರ ಮಾರುಕಟ್ಟೆಯಲ್ಲಿ 15 ಕೆ.ಜಿ. ಬಾಕ್ಸ್ 2,000 ದಾಟಿದ್ದನ್ನು ಕಂಡವನಿಗೆ ಬರೀ ಉಪದೇಶ ಸಾಲಲ್ಲ, ಅಂಕಿ ಬೇಕು. ಆದ್ದರಿಂದ ನವೆಂಬರ್ ಮೊದಲ ಹದಿನೈದು ದಿನದೊಳಗೆ ಸಭೆ ಆಗಲಿ, ಪಂಚಾಯಿತಿ ಗೋಡೆಯ ಮೇಲೆ ಐದು ಸಾಲು ದೊಡ್ಡದಾಗಿ ಬರೆಯಿರಿ: ಬಿದ್ದ ಮಳೆ, ಇಂಗಿದ ನೀರು, ಜನ-ದನಕ್ಕೆ ತೆಗೆದಿಟ್ಟದ್ದು, ಮುಟ್ಟಬಾರದ್ದು, ಉಳಿದದ್ದಕ್ಕೆ ಎಷ್ಟು ಎಕರೆ. ಮೇ ತಿಂಗಳ ಕೊನೆಗೆ ಅದೇ ನಾಲ್ಕೈದು ಬೋರಿಗೆ ಹಗ್ಗ ಇಳಿಸಿ ಮಟ್ಟ ಅಳೆಯಿರಿ. ಲೆಕ್ಕಕ್ಕಿಂತ ಜಾಸ್ತಿ ಇಳಿದಿದ್ದರೆ ಇಂಗಿದ್ದು ನಾವು ಹಿಡಿದ ಹತ್ತು ಪರ್ಸೆಂಟಿಗಿಂತ ಕಡಿಮೆ, ಇಲ್ಲವೇ ಯಾರ ಎಕರೆಯೋ ಪಟ್ಟಿಯಲ್ಲಿ ಸೇರಿಲ್ಲ. ಯಾವುದು ಅಂತ ಹುಡುಕಿ, ಮುಂದಿನ ನವೆಂಬರ್‌ನ ಲೆಕ್ಕಕ್ಕೆ ಆ ತಿದ್ದಿದ ಅಂಕಿಯನ್ನೇ ಹಾಕಿ.